ದಣಪೆಯ ಆಚೆ ನಿಂತು ಮಾಡಿದ್ದೂ ಸೇವೆಯೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ನಮ್ಮದು ಸುಮಾರು 40 ಕುಟುಂಬಗಳ ಸಣ್ಣ ಕ್ರೈಸ್ತ ಸಭೆ. 2021ರ ಮೇ ತಿಂಗಳಲ್ಲಿ ಸಭೆಯ ಹಿರಿಯರೊಬ್ಬರ ಮನೆಗೆ ಕೊರೊನಾ ಬಂತು. ನನ್ನ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಮ್ಮ ಇದ್ದರು. ನಾನು ಆ ಮನೆಗೆ ಹೋಗಲಿಲ್ಲ. ಹತ್ತು ದಿನಕ್ಕೆ ಹಿರಿಯರು ತೀರಿಕೊಂಡರು. ನಮ್ಮವರೇ ಇನ್ನೊಬ್ಬರು ಜ್ವರ ಬಂದ ಮನೆಗಳಿಗೆಲ್ಲ ಹೋಗಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ‘ನಂಬಿಕೆ ಇದ್ದವನು ಹೆದರೋದಿಲ್ಲ’ ಅಂತ ಈಗಲೂ ಹೇಳುತ್ತಾರೆ. ಮುಂದೆ ಇಂಥದ್ದು ಬಂದರೆ ಸಭೆ ಏನು ಮಾಡಬೇಕು ಅಂತ ಬರೆದುಕೊಡುವ ಕೆಲಸವನ್ನು ಸಮಿತಿ ಈಗ ನನಗೇ ಕೊಟ್ಟಿದೆ. ಪೆನ್ನು ಹಿಡಿದರೆ ಆ ಹಿರಿಯರ ಮುಖ ಕಣ್ಣಿಗೆ ಬರುತ್ತದೆ. ಇಂಥ ಕಾಲದಲ್ಲಿ ಕ್ರೈಸ್ತನ ಕರ್ತವ್ಯ ನಿಜವಾಗಿ ಏನು?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನು 12 ವರ್ಷ ನರ್ಸ್ ಆಗಿದ್ದು, ಆಮೇಲೆ ದೈವಶಾಸ್ತ್ರ ಓದಿ ಸಭಾಪಾಲಕಿಯಾದವಳು. ಕೊರೊನಾ ಕಾಲದಲ್ಲಿ ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸಭೆಯಲ್ಲಿದ್ದೆ. ಹಾಗಾಗಿ ನರ್ಸ್ ಆಗಿಯೂ ಪಾಲಕಿಯಾಗಿಯೂ ಉತ್ತರ ಕೊಡುತ್ತೇನೆ.

ಮೊದಲು ಒಂದು ಮಾತು ಕೇಳಬೇಕು. ‘ಆ ಮನೆಗೆ ಹೋಗಲಿಲ್ಲ’ ಅಂತ ಬರೆದಿದ್ದೀರಿ. ಫೋನ್ ಮಾಡಿದ್ರಾ? ಪತ್ರದಲ್ಲಿ ಅದು ಇಲ್ಲ. ಆ ಹತ್ತು ದಿನ ಅವರ ಮನೆಗೆ ಹಾಲು, ಮಾತ್ರೆ ಯಾರು ತಂದುಕೊಟ್ಟರು ಅಂತ ನಿಮಗೆ ಗೊತ್ತಿತ್ತಾ? ನಿಮ್ಮನ್ನು ಚುಚ್ಚಲು ಕೇಳುತ್ತಿಲ್ಲ. ಇಷ್ಟು ವರ್ಷ ನಿಮ್ಮ ಮನಸ್ಸು ಆ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಿದೆ. ಒಳಗೆ ಹೋದೆನಾ ಇಲ್ವಾ ಅನ್ನುವ ಒಂದೇ ಪ್ರಶ್ನೆ. ಒಬ್ಬ ನರ್ಸ್ ಆಗಿ ಹೇಳುತ್ತೇನೆ, ಸಕ್ಕರೆ ಕಾಯಿಲೆಯ ತಾಯಿ ಮನೆಯಲ್ಲಿರುವಾಗ ನೀವು ಒಳಗೆ ಹೋಗದಿದ್ದದ್ದು ತಪ್ಪಲ್ಲ. ಆದರೆ ಹೊಸ್ತಿಲ ಈಚೆ ನಿಂತು ಮಾಡಬಹುದಾದ ಕೆಲಸ ಬೇಕಾದಷ್ಟಿತ್ತು. ಅದನ್ನು ಮಾಡಿದ್ದರೆ ನಿಮ್ಮ ಮನಸ್ಸು ಹಗುರವಾಗಬೇಕು. ಮಾಡದಿದ್ದರೆ ನೋವಿಗೆ ಕಾರಣ ಅಲ್ಲಿದೆ. ಆ ನೋವು ಬರಲಿ. ಅದನ್ನು ಕ್ಷಮೆಗಾಗಿ ದೇವರ ಮುಂದೆ ಇಡಬಹುದು. ಮಾಡದ ತಪ್ಪಿಗೆ ಕ್ಷಮೆ ಕೇಳುತ್ತಾ ಕೂತರೆ ಮಾತ್ರ ಸಮಾಧಾನ ಸಿಗೋದಿಲ್ಲ.

ಇನ್ನು ಕರ್ತವ್ಯದ ವಿಷಯ. ರೋಗಿಯನ್ನು ನೋಡಿಕೊಳ್ಳುವುದು ನಮಗೆ ಬಿಟ್ಟರೂ ನಡೆಯುವ ಕೆಲಸವಲ್ಲ. ಮತ್ತಾಯ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹಸಿದವನು, ಬಟ್ಟೆ ಇಲ್ಲದವನು, ಸೆರೆಯಲ್ಲಿರುವವನ ಸಾಲಿನಲ್ಲೇ ರೋಗದಲ್ಲಿ ಬಿದ್ದವನನ್ನೂ ಸೇರಿಸಿ, ಅವನಿಗೆ ಮಾಡಿದ್ದು ನನಗೇ ಮಾಡಿದ್ದು ಅನ್ನುತ್ತಾರೆ. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಕಾಯಿಲೆ ಹರಡುವ ದಾರಿ ತೀರ್ಮಾನಿಸುತ್ತದೆ. ನಮ್ಮ ಧೈರ್ಯ ತೀರ್ಮಾನಿಸೋದಿಲ್ಲ. ಇದನ್ನು ಬೇರೆಯವರಿಗಿಂತ ಮಲೆನಾಡಿನ ನಮಗೆ ಅರ್ಥ ಮಾಡಿಸುವುದು ಸುಲಭ.

ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಅದು ಮೊದಲು ಗೊತ್ತಾಯಿತು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಈಗ ಆ ಕಾಡಿನ ಹೆಸರೇ ಕಾಯಿಲೆಯ ಹೆಸರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟೋ ಮನೆಗಳ ದೀಪ ಆರಿಸಿತು. ಅದು ಉಣುಗು ಕಚ್ಚಿ ಬರುವ ಕಾಯಿಲೆ. ದರಗು ಗುಡಿಸಲು, ಸೌದೆಗೆ, ದನ ಹುಡುಕಲು ಕಾಡಿಗೆ ಹೋದವರಿಗೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಆದರೂ ಆ ಜ್ವರ ಬಂದ ಮನೆಗೆ ಹೋಗಲು ಜನ ಹೆದರುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಹೆದರಿ ದೂರ ಉಳಿದರೆ ಅದು ಪ್ರೀತಿಯ ಕೊರತೆಯೇ. ಮಂಗನ ಕಾಯಿಲೆ ಬಂದವರ ಪಕ್ಕ ಕೂತು ಕೈ ಹಿಡಿಯಬಹುದು, ಮೈ ಒರೆಸಬಹುದು. ಇನ್ನೂ ಮುಖ್ಯವಾದದ್ದು, ಅವರ ದನಕ್ಕೆ ಹುಲ್ಲು ಹಾಕಿ, ಮನೆಯ ಉಳಿದವರು ಕಾಡಿಗೆ ಹೋಗದ ಹಾಗೆ ನೋಡಿಕೊಳ್ಳಬಹುದು. ಹೋಗಲೇಬೇಕಾದರೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆರೋಗ್ಯ ಕೇಂದ್ರದಿಂದ ತಂದುಕೊಡಬಹುದು.

ಡೆಂಗಿ ಬಂದಾಗ ಸೇವೆಯ ರೂಪವೇ ಬೇರೆ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರು ನಿಲ್ಲುತ್ತದೆ, ಸೊಳ್ಳೆ ಅದರಲ್ಲೇ ಮೊಟ್ಟೆ ಇಡುತ್ತದೆ. ಆರಾಧನೆ ಮುಗಿದ ಮೇಲೆ ಯುವಕರು ಅಕ್ಕಪಕ್ಕದ ತೋಟಗಳಲ್ಲಿ ಹಾಳೆ ಮಗುಚಿ ಹಾಕಿದರೆ ಅದು ನೆರೆಯವನ ಮೇಲಿನ ಪ್ರೀತಿ. ಅದಕ್ಕೆ ಯಾರೂ ಹಾರ ಹಾಕೋದಿಲ್ಲ, ಅಷ್ಟೇ.

ಕೊರೊನಾ ಉಸಿರಿನಲ್ಲಿ ಬಂತು. ಜ್ವರ ಕಾಣುವ ಮೊದಲೇ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ನಾವು ಸಭೆಯಲ್ಲಿ ಪ್ರೀತಿ ತೋರಿಸುವ ಎಲ್ಲ ರೀತಿಗಳೂ, ಅಂದರೆ ಒಟ್ಟಿಗೆ ಕೂರುವುದು, ಗಟ್ಟಿಯಾಗಿ ಹಾಡುವುದು, ಒಂದೇ ಪಾತ್ರೆಯಿಂದ ಕುಡಿಯುವುದು, ಅಪ್ಪಿಕೊಳ್ಳುವುದು, ಅದಕ್ಕೆ ದಾರಿಯಾದವು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯಕ ತಂಡ ಚರ್ಚ್ ಹಾಲಿನಲ್ಲಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿತು. ಇದ್ದವರು 61 ಜನ. ಕೈ ಕುಲುಕಲಿಲ್ಲ, ಸ್ಯಾನಿಟೈಸರ್ ಹಾಕಿಕೊಂಡಿದ್ದರು. ಕೆಲವೇ ದಿನಗಳಲ್ಲಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಅವರಲ್ಲಿ ಯಾರೂ ಬೇಜವಾಬ್ದಾರಿ ಜನ ಅಲ್ಲ. ಹಾಡಿದರು, ಅಷ್ಟೇ. ನಿಮ್ಮ ಸಭೆಯ ಆ ಸಹೋದರರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಜ್ವರದ ಮನೆಯಿಂದ ಜ್ವರದ ಮನೆಗೆ, ಮುಖದ ಹತ್ತಿರ ಬಾಗಿ, ಗಟ್ಟಿಯಾಗಿ ಪ್ರಾರ್ಥಿಸುತ್ತಾ ಹೋದವರು ತಮಗೆ ಗೊತ್ತಿಲ್ಲದೆ ಏನನ್ನು ಹೊತ್ತುಕೊಂಡು ಹೋಗಿರಬಹುದು ಅಂತ ಯೋಚಿಸಬೇಕಲ್ವಾ? ತನಗೆ ಬರುವ ಸಾವಿಗೆ ಹೆದರದಿರುವುದು ಒಂದು. ಮುಂದಿನ ಮನೆಯ ಅಜ್ಜಿಯ ಸಾವನ್ನು ಲೆಕ್ಕಕ್ಕೆ ತಗೊಳ್ಳದಿರುವುದು ಇನ್ನೊಂದು. ಎರಡಕ್ಕೂ ಧೈರ್ಯ ಅನ್ನುವ ಒಂದೇ ಹೆಸರು ಕೊಡಬಾರದು.

ಆ ದಿನಗಳಲ್ಲಿ ವಾಟ್ಸ್ಆ್ಯಪ್‌ನಲ್ಲಿ ಎಲ್ಲರೂ 91ನೇ ಕೀರ್ತನೆ ಕಳಿಸುತ್ತಿದ್ದರು. ವ್ಯಾಧಿ ನಿನ್ನ ಗುಡಾರದ ಹತ್ತಿರ ಬರೋದಿಲ್ಲ ಅನ್ನುವ ಕೀರ್ತನೆ. ನನಗೂ ಅದು ಪ್ರಿಯ. ರಾತ್ರಿ ಪಾಳಿಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಆದರೆ ಅದೇ ಕೀರ್ತನೆಯನ್ನು ಸುವಾರ್ತೆಯಲ್ಲಿ ಸೈತಾನನೂ ಹೇಳುತ್ತಾನೆ ಅನ್ನುವುದನ್ನು ಮರೆಯಬಾರದು. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ, ದೂತರು ಹಿಡಿದುಕೊಳ್ಳುತ್ತಾರೆ, ಧುಮುಕು ಅನ್ನುತ್ತಾನೆ. ದೇವರನ್ನು ಪರೀಕ್ಷಿಸಬಾರದು ಅಂತ ಯೇಸು ಉತ್ತರ ಕೊಡುತ್ತಾರೆ. ಧುಮುಕೋದಿಲ್ಲ. ಯೇಸುವಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರೂ ಹೇಳಲಾರರು.

ಇದಕ್ಕೆ ಎದುರು ಇನ್ನೊಂದು ಮಾತೂ ಇದೆ. ಹುಷಾರಾಗಿರುವುದೇ ಧರ್ಮ ಅಂತ ಬಾಗಿಲು ಹಾಕಿಕೊಂಡು ಕೂತರೂ ಆಗೋದಿಲ್ಲ. 3ನೇ ಶತಮಾನದಲ್ಲಿ ರೋಮ್ ಸಾಮ್ರಾಜ್ಯದಲ್ಲಿ ದೊಡ್ಡ ಸಾಂಕ್ರಾಮಿಕ ಬಂತು. ಕಾರ್ತೇಜಿನ ಬಿಷಪ್ ಸಿಪ್ರಿಯಾನ್ ತನ್ನ ಜನರಿಗೆ, ನಮ್ಮವರನ್ನು ಮಾತ್ರ ನೋಡಿಕೊಂಡರೆ ಅದರಲ್ಲಿ ದೊಡ್ಡದೇನಿದೆ, ಹೊರಗಿನವರನ್ನೂ ನೋಡಿಕೊಳ್ಳಿ ಅಂದ. ಆಗ ಕ್ರೈಸ್ತರ ಮೇಲೆ ಹಿಂಸೆ ನಡೆಯುತ್ತಿದ್ದ ಕಾಲ. ಅವನನ್ನೇ 258ರಲ್ಲಿ ತಲೆ ಕಡಿದು ಕೊಂದರು. ಅಲೆಕ್ಸಾಂಡ್ರಿಯಾದಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಎಷ್ಟೋ ಕ್ರೈಸ್ತರು ಸತ್ತರು ಅಂತ ಅಲ್ಲಿನ ಬಿಷಪ್ ಡಯೊನಿಸಿಯಸ್ ಬರೆದಿದ್ದಾನೆ. ಆಗ ಔಷಧ ಇರಲಿಲ್ಲ. ನೀರು ಕುಡಿಸುವುದು, ಗಂಜಿ ಕುಡಿಸುವುದು, ಹಾಸಿಗೆ ಬದಲಿಸುವುದು ಅಷ್ಟೇ. ಆದರೆ ವಾಂತಿಭೇದಿಯಿಂದ ನೀರು ಬತ್ತಿದ ಮೈಗೆ ಆ ನೀರೇ ಔಷಧ. ನರ್ಸ್ ಆಗಿದ್ದವಳಿಗೆ ಅದರ ಬೆಲೆ ಗೊತ್ತು. ಘಟ್ಟದ ಕೆಳಗೆ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಒಂದು ಸಣ್ಣ ಹೋಮಿಯೋಪತಿ ಔಷಧಾಲಯ ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದರು. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೇ ಬೇರೆ ಆಸ್ಪತ್ರೆ ತೆರೆದರು. ಬೇರೆ ಅನ್ನುವುದನ್ನು ಗಮನಿಸಿ. ರೋಗಿಗಳನ್ನು ಕೈಬಿಡಲಿಲ್ಲ, ಎಲ್ಲರನ್ನೂ ಒಂದೇ ಸೂರಿನ ಕೆಳಗೆ ತುಂಬಲೂ ಇಲ್ಲ.

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ನಿಮ್ಮ ಪ್ರಶ್ನೆಗೇ ಉತ್ತರ ಬರೆದಿದ್ದಾನೆ. 1527ರಲ್ಲಿ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂತು. ಊರು ಬಿಡು ಅಂತ ಅಲ್ಲಿನ ದೊರೆಯೇ ಹೇಳಿದರೂ ಅವನು ಬಿಡಲಿಲ್ಲ. ಬಸುರಿ ಹೆಂಡತಿಯ ಜೊತೆ ಅಲ್ಲೇ ಉಳಿದ. ಮನೆಯನ್ನೇ ಆಸ್ಪತ್ರೆ ಮಾಡಿದ. ಅಂಥವನು ಬರೆದ ಪತ್ರದಲ್ಲಿ, ಪ್ಲೇಗಿಗೆ ಹೆದರಿ ಓಡಬಹುದಾ ಅನ್ನುವ ಪ್ರಶ್ನೆಗೆ, ಯಾರು ಅಂತ ನೋಡಬೇಕು ಅನ್ನುತ್ತಾನೆ. ಸಭಾಪಾಲಕ, ಊರಿನ ಅಧಿಕಾರಿ, ವೈದ್ಯ, ರೋಗಿಯ ಮನೆಯವರು ಬಿಟ್ಟುಹೋಗಬಾರದು. ನೋಡಿಕೊಳ್ಳಲು ಬೇರೆಯವರು ಸಾಕಷ್ಟಿದ್ದರೆ ಉಳಿದವರು ಹೋದರೆ ಪಾಪವಲ್ಲ. ಔಷಧ ಬೇಡ ಅನ್ನುವವರನ್ನು, ಸುಮ್ನೆ ರೋಗದ ಜಾಗಕ್ಕೆ ನುಗ್ಗುವವರನ್ನು ಅವನು ಗದರಿಸುತ್ತಾನೆ. ನನ್ನ ಅಗತ್ಯ ಇಲ್ಲದ ಕಡೆ ಹೋಗೋದಿಲ್ಲ, ನೆರೆಯವನಿಗೆ ನಾನು ಬೇಕಾದರೆ ತಪ್ಪಿಸಿಕೊಳ್ಳೋದೂ ಇಲ್ಲ ಅನ್ನುವುದು ಅವನ ಮಾತಿನ ಸಾರ. ನಿಮ್ಮ ತಾಯಿಯೂ ನಿಮ್ಮ ನೆರೆಯವರೇ. ಅವರಿಗೆ ನೀವು ಒಬ್ಬರೇ ಇದ್ದಿದ್ದರೆ ನಿಮ್ಮ ಜಾಗ ಅಲ್ಲೇ ಇತ್ತು.

ಈಗ ನಾನೇ ಮಾಡಿದ ತಪ್ಪು ಹೇಳುತ್ತೇನೆ. ನಿಮ್ಮ ಯೋಜನೆಗೆ ಮೇಲಿನದೆಲ್ಲಕ್ಕಿಂತ ಜಾಸ್ತಿ ಇದು ಬೇಕಾಗುತ್ತದೆ.

2020ರ ಏಪ್ರಿಲ್‌ನಲ್ಲಿ, ಗುಡ್ ಫ್ರೈಡೆಗೆ ಚರ್ಚ್ ಮುಚ್ಚಿದ್ದ ಆ ವರ್ಷ, ನಾವು ಸಭೆಯ ರಿಜಿಸ್ಟರ್ ತೆಗೆದು, ಕುಟುಂಬಕ್ಕೊಂದು ಅಂತ ಕಿಟ್ ಹಂಚಿದೆವು. ಅಕ್ಕಿ, ಬೇಳೆ, ಎಣ್ಣೆ. ಎಲ್ಲರಿಗೂ ಮುಟ್ಟಿತು ಅಂತ ಸಮಾಧಾನ ಪಟ್ಟೆವು. 2021ರಲ್ಲೂ ಅದೇ ಪಟ್ಟಿ, ಅದೇ ಕಿಟ್. ಮೇ ತಿಂಗಳ ಒಂದು ಬೆಳಿಗ್ಗೆ ಹಾಲು ಹಾಕುವ ಹುಡುಗ ಬಂದು, ರಬ್ಬರ್ ತೋಟದ ಲೈನ್ ಮನೆಯಲ್ಲಿ ನಾಲ್ಕು ದಿನದಿಂದ ದೊಡ್ಡವರು ಯಾರೂ ಹೊರಗೆ ಕಾಣುತ್ತಿಲ್ಲ, ಅವರು ನಿಮ್ಮ ಚರ್ಚಿನವರಲ್ವಾ ಅಂತ ಕೇಳಿದ. ಯಾರು ಅಂತ ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ತಮಿಳು ಮಾತಾಡುವ ಗಂಡ ಹೆಂಡತಿ, ಎರಡು ಮಕ್ಕಳು. ಎರಡು ವರ್ಷದಿಂದ ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು, ಆರಾಧನೆ ಮುಗಿದ ಕೂಡಲೇ ಹೊರಟುಬಿಡುತ್ತಿದ್ದರು. ರಿಜಿಸ್ಟರಿನಲ್ಲಿ ಅವರ ಹೆಸರೇ ಇರಲಿಲ್ಲ. ಯಾಕೆಂದರೆ ನಮ್ಮ ರಿಜಿಸ್ಟರ್ ಚಂದಾ ಕಟ್ಟುವವರ ರಿಜಿಸ್ಟರ್.

ನಾನು ಮಾಸ್ಕ್ ಹಾಕಿಕೊಂಡು ಹೋದೆ. ತೋಟದ ದಣಪೆಯ, ಅಂದರೆ ಬೇಲಿಯ ಗೇಟಿನ, ಆಚೆ ನಿಂತು ಕೂಗಿದೆ. ಎಂಟೊಂಬತ್ತು ವರ್ಷದ ಹುಡುಗಿ ಬಂದಳು. ಅಪ್ಪನ ಟವೆಲನ್ನು ಮುಖಕ್ಕೆ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ಅಪ್ಪ ಅಮ್ಮ ಇಬ್ಬರಿಗೂ ಜ್ವರ, ತಾನೇ ಗಂಜಿ ಮಾಡುತ್ತಿದ್ದೇನೆ ಅಂದಳು. ನಾನು ಅಕ್ಕಿ ಚೀಲ ದಣಪೆಯ ಮೇಲಿಟ್ಟು ಹಿಂದೆ ಸರಿದೆ. ಅವಳು ಚೀಲ ಬಿಚ್ಚಿ ನೋಡಿದಳು. ಮತ್ತೆ ನನ್ನ ಕಡೆ ನೋಡಿ, ‘ಉಪ್ಪು ಇದೆಯಾ ಆಂಟಿ?’ ಅಂತ ಕೇಳಿದಳು.

ಅಕ್ಕಿ ಅವರ ಹತ್ತಿರ ಇತ್ತು, ರೇಷನ್‌ನಲ್ಲಿ ಸಿಕ್ಕಿತ್ತು. ಉಪ್ಪು ಮುಗಿದು ಮೂರು ದಿನವಾಗಿತ್ತು. ನಾಲಿಗೆ ಸತ್ತ ಜ್ವರದವರಿಗೆ ಆ ಮಗು ಮೂರು ದಿನ ಉಪ್ಪಿಲ್ಲದ ಗಂಜಿ ಕುಡಿಸುತ್ತಿತ್ತು. ಎರಡು ವರ್ಷ ನಾವು ಹಂಚಿದ ಯಾವ ಕಿಟ್‌ನಲ್ಲೂ ಉಪ್ಪು ಇರಲಿಲ್ಲ. ಯಾರನ್ನೂ ಏನು ಬೇಕು ಅಂತ ಕೇಳಿರಲಿಲ್ಲ.

ಪಕ್ಕದ ಮನೆಯಿಂದ ಉಪ್ಪು ತಂದೆ. ಆಕ್ಸಿಮೀಟರನ್ನು ಡಬ್ಬಿಯಲ್ಲಿಟ್ಟು ದಣಪೆಯ ಮೇಲೆ ಇಟ್ಟೆ. ಅಮ್ಮನ ಬೆರಳಿಗೆ ಹೇಗೆ ಹಾಕಬೇಕು ಅಂತ ನನ್ನ ಬೆರಳಿಗೆ ಹಾಕಿ ತೋರಿಸಿದ್ದೆ. ಅವಳು ಒಳಗೆ ಹೋಗಿ ಬಂದು ‘ಎಂಬತ್ತೊಂಬತ್ತು’ ಅಂದಳು. ರಕ್ತದ ಆಮ್ಲಜನಕ 94ಕ್ಕಿಂತ ಕೆಳಗೆ ಬಂದರೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸಿಗ್ನಲ್ ಇಲ್ಲ. ಗುಡ್ಡದ ಅರ್ಧ ಹತ್ತಿ 108ಕ್ಕೆ ಫೋನ್ ಮಾಡಿದೆ. ತಾಯಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಅವರು ಉಳಿದದ್ದು ನಮ್ಮ ಸಭೆಯ ಸೇವೆಯಿಂದಲ್ಲ. ಹಾಲಿನ ಹುಡುಗ ನೋಡಿದ್ದರಿಂದ.

ಅವತ್ತು ರಾತ್ರಿ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಓದಿದೆ. ಯೆರೂಸಲೇಮಿನ ಮೊದಲ ಸಭೆ. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗೊಣಗಾಟ ಏಳುತ್ತದೆ. ಬೇರೆ ಭಾಷೆಯವರೇ ಬಿಟ್ಟುಹೋಗಿದ್ದರು! ಅಪೊಸ್ತಲರು ಅದನ್ನು ಸಣ್ಣ ವಿಷಯ ಅಂತ ತಳ್ಳಿಹಾಕುವುದಿಲ್ಲ. ಆ ಕೆಲಸಕ್ಕಂತಲೇ ಸಭೆಯವರ ಕೈಯಲ್ಲೇ ಏಳು ಜನರನ್ನು ಆರಿಸಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಆ ಏಳೂ ಹೆಸರು ಗ್ರೀಕ್ ಹೆಸರುಗಳು. ನಮ್ಮ ಮಲೆನಾಡಿನ ಸಭೆಗಳಲ್ಲಿ ಕನ್ನಡದವರು, ಕೊಂಕಣಿಯವರು, ಮಲಯಾಳದವರು, ತಮಿಳಿನವರು ಒಟ್ಟಿಗೆ ಕೂರುತ್ತೇವೆ. ಸಮಿತಿಯಲ್ಲಿ ಎಷ್ಟು ಭಾಷೆಯವರಿದ್ದಾರೆ ನೋಡಿ. ನಿಮ್ಮ ಯೋಜನೆಯ ಮೊದಲ ಪುಟ ಅಲ್ಲಿಂದ ಶುರುವಾಗಬೇಕು.

ಅಂದರೆ ಎರಡನೇ ರಿಜಿಸ್ಟರ್ ಬೇಕು. ಚಂದಾ ಕಟ್ಟಲಿ ಬಿಡಲಿ, ಬೆಂಚಿನಲ್ಲಿ ಕೂರುವ ಪ್ರತಿಯೊಬ್ಬರ ಹೆಸರು. ಯಾರು ಒಬ್ಬರೇ ಇದ್ದಾರೆ, ಯಾರು ದಿನಾ ಮಾತ್ರೆ ತಗೊಳ್ಳುತ್ತಾರೆ, ಯಾರ ಮನೆಗೆ ಗಾಡಿ ಹೋಗೋದಿಲ್ಲ, ಯಾರ ಮನೆಯಲ್ಲಿ ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲದಿದ್ದರೆ ಕೂಗಿದರೆ ಕೇಳುವ ಪಕ್ಕದ ಮನೆ ಯಾವುದು. ಇದನ್ನು ಜ್ವರ ಬಂದ ಮೇಲೆ ಬರೆಯಲು ಆಗೋದಿಲ್ಲ. ಈಗಲೇ ಬರೆಯಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ತಿದ್ದಬೇಕು. ಒಬ್ಬೊಬ್ಬರಿಗೆ ಐದು ಮನೆ ಹಂಚಿ. 40 ಕುಟುಂಬಕ್ಕೆ ಎಂಟು ಜನ ಸಾಕು. ಕಷ್ಟದ ಕಾಲ ಬಂದಾಗ ಆ ಎಂಟು ಜನ ದಿನಾ ತಮ್ಮ ಐದು ಮನೆಯವರ ದನಿ ಕೇಳಲೇಬೇಕು. ಮೆಸೇಜ್ ಸಾಲದು, ದನಿ ಬೇಕು. ಉಸಿರು ಸಿಕ್ಕಿಕೊಳ್ಳುತ್ತಿದ್ದರೆ ದನಿಯಲ್ಲಿ ಗೊತ್ತಾಗುತ್ತದೆ. ಒಂದು ವಾಕ್ಯ ಪೂರ್ತಿ ಹೇಳಲು ಎರಡು ಸಲ ನಿಲ್ಲುತ್ತಿದ್ದರೆ ಕಾಯಬಾರದು.

ನೀವು ಹೋಗಲಾಗದಿದ್ದರೂ ನಿಮ್ಮ ಪಾಲು ಇದೆ. ಒಳ್ಳೆಯ ಸಮಾರ್ಯದವನ ಕಥೆಯನ್ನು ಮತ್ತೆ ಓದಿ. ಅವನು ಗಾಯ ಕಟ್ಟಿದ, ಕತ್ತೆ ಮೇಲೆ ಕೂರಿಸಿದ, ಛತ್ರಕ್ಕೆ ತಂದ, ಒಂದು ರಾತ್ರಿ ನೋಡಿಕೊಂಡ. ಮಾರನೇ ದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂತ ಹೊರಟ. ಉಳಿದ ಆರೈಕೆ ಛತ್ರದವನು ಮಾಡಿದ. ಅವನ ಬಗ್ಗೆ ನಾವು ಪ್ರಸಂಗ ಮಾಡುವುದೇ ಕಡಿಮೆ. ಸಭೆಯಲ್ಲಿ ಛತ್ರದವರೂ ಬೇಕು, ನಾಣ್ಯ ಕೊಡುವವರೂ ಬೇಕು, ಕತ್ತೆ ಇರುವವರೂ ಬೇಕು. ನಮ್ಮಲ್ಲಿ ಕತ್ತೆ ಅಂದರೆ ಜೀಪು. ಹೊಸನಗರ, ಸಾಗರ, ತೀರ್ಥಹಳ್ಳಿಯ ಒಳಹಳ್ಳಿಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವುದೆಂದರೆ ಅರ್ಧ ದಿನದ ದಾರಿ. ರಾತ್ರಿ ಹೊತ್ತು ಗಾಡಿ ತೆಗೆಯುವವರು ಯಾರು, ಡೀಸೆಲ್ ದುಡ್ಡು ಯಾವ ಡಬ್ಬಿಯಿಂದ, ಗಾಡಿಯ ಕಿಟಕಿ ತೆರೆದಿಡಬೇಕು ಅನ್ನುವುದು ಚಾಲಕನಿಗೆ ಗೊತ್ತಾ, ಇಷ್ಟನ್ನು ಮೊದಲೇ ಬರೆದಿಡಿ. ಒಳಗೇ ಹೋಗಬೇಕಾದ ಕೆಲಸಕ್ಕೆ ವಯಸ್ಸು ಚಿಕ್ಕದಿರುವವರು, ಮನೆಯಲ್ಲಿ ವೃದ್ಧರಿಲ್ಲದವರು, ಲಸಿಕೆ ಆದವರು, ಇಬ್ಬಿಬ್ಬರಂತೆ, ಒಳ್ಳೆ ಮಾಸ್ಕ್ ಹಾಕಿಕೊಂಡು ಹೋಗಲಿ. ಅವರಿಗೂ ವಿಶ್ರಾಂತಿ ಕೊಡಿ. ಅಪೊಸ್ತಲ ಪೌಲನ ಜೊತೆಗಾರ ಎಪಫ್ರೊದೀತ ಸೇವೆ ಮಾಡುತ್ತಾ ಸಾಯುವಷ್ಟು ಕಾಯಿಲೆ ಬಿದ್ದು ಚೇತರಿಸಿಕೊಂಡಾಗ ಪೌಲನು ಅವನನ್ನು ಫಿಲಿಪ್ಪಿಗೆ, ಅವನ ಊರಿಗೆ ಕಳಿಸಿಬಿಟ್ಟ. ಇನ್ನೂ ಸ್ವಲ್ಪ ದಿನ ಇರು ಅನ್ನಲಿಲ್ಲ.

ಕೊಡುವಾಗ ಎರಡು ವಿಷಯ. ಫೋಟೋ ಬೇಡ. ನಮ್ಮಲ್ಲಿ ಒಬ್ಬ ತಾಯಿ ಕಿಟ್ ತಗೊಳ್ಳುವಾಗ ಯಾರೋ ಫೋಟೋ ತೆಗೆದರು ಅಂತ ಆಮೇಲೆ ತಿಂಗಳುಗಟ್ಟಲೆ ಆರಾಧನೆಗೇ ಬರಲಿಲ್ಲ. ಮತ್ತೆ, ಅಕ್ಕಿ ಚೀಲದಲ್ಲಿ ಕರಪತ್ರ ಇಡಬೇಡಿ. ನನಗೆ ಸುವಾರ್ತೆಯ ಬಗ್ಗೆ ನಾಚಿಕೆ ಇಲ್ಲ. ಆದರೆ ಹಸಿದವನಿಗೆ ಬೇಡ ಅನ್ನುವ ಸ್ವಾತಂತ್ರ್ಯ ಇರೋದಿಲ್ಲ. ಬೇಡ ಅನ್ನಲು ಆಗದವನ ಕೈಗೆ ಇಟ್ಟ ಸುವಾರ್ತೆ ಸುವಾರ್ತೆಯಾಗಿ ಉಳಿಯೋದಿಲ್ಲ. ಹಳ್ಳಿಯ ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಿಗೂ ಕೊಡಿ, ಸುಮ್ಮನೆ ಕೊಡಿ. 4ನೇ ಶತಮಾನದಲ್ಲಿ ಕ್ರೈಸ್ತರನ್ನು ಕಂಡರಾಗದ ಜೂಲಿಯನ್ ಚಕ್ರವರ್ತಿ, ಇವರು ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕುತ್ತಾರೆ ಅಂತ ಬೇಸರದಿಂದ ಬರೆದಿದ್ದ. ಅಂಥ ದೂರು ನಮ್ಮ ಮೇಲೆ ಬಂದರೆ ಸಂತೋಷ.

ಕೂಡಿ ಆರಾಧಿಸುವುದನ್ನು ಬಿಡಬಾರದು ಅಂತ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದಲ್ಲ, ಚರ್ಚ್ ಮುಚ್ಚಿದ್ದು ಸರಿಯಾ ಅಂತ ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 1576ರಲ್ಲಿ ಮಿಲಾನ್‌ಗೆ ಪ್ಲೇಗ್ ಬಂದಾಗ ಅಲ್ಲಿನ ಆರ್ಚ್‌ಬಿಷಪ್ ಕಾರ್ಲೊ ಬೊರೊಮೆಯೊ ಬೀದಿ ಕೂಡುವ ಕಡೆಗಳಲ್ಲಿ ಬಲಿಪೀಠ ಕಟ್ಟಿಸಿದರು. ಜನ ತಮ್ಮ ತಮ್ಮ ಕಿಟಕಿಯಿಂದಲೇ ಪೂಜೆ ನೋಡಿದರು. ಇಂಗ್ಲೆಂಡಿನ ಈಮ್ ಎಂಬ ಹಳ್ಳಿಗೆ 1665ರಲ್ಲಿ ಪ್ಲೇಗ್ ಬಂತು. ಮರುವರ್ಷ ಪಾದ್ರಿ ವಿಲಿಯಂ ಮೊಂಪೆಸನ್ ಮಾತಿನಂತೆ ಊರಿನವರು ತಮ್ಮನ್ನು ತಾವೇ ದಿಗ್ಬಂಧನ ಮಾಡಿಕೊಂಡರು, ಸುತ್ತಲ ಊರುಗಳಿಗೆ ಹರಡದಿರಲಿ ಅಂತ. ಆರಾಧನೆ ಬಯಲಿನ ಕಣಿವೆಯಲ್ಲಿ ನಡೆಯುತ್ತಿತ್ತು. ಪಕ್ಕದ ಊರಿನವರು ಗಡಿಯಲ್ಲಿ ಊಟ ಇಟ್ಟು ಹೋಗುತ್ತಿದ್ದರು. ಈಮ್‌ನವರು ಗಡಿಕಲ್ಲಿನ ಗುಳಿಯಲ್ಲಿ ವಿನೆಗರ್ ತುಂಬಿ, ಅದರಲ್ಲಿ ನಾಣ್ಯ ಹಾಕಿಡುತ್ತಿದ್ದರು. ಪಾದ್ರಿಯ ಹೆಂಡತಿಯೂ ಅಲ್ಲೇ ತೀರಿಕೊಂಡಳು. ಆ ಕಲ್ಲಿನ ವಿಷಯ ಓದಿದಾಗಲೆಲ್ಲ ನನಗೆ ನಮ್ಮ ದಣಪೆ ನೆನಪಾಗುತ್ತದೆ.

ಆನ್‌ಲೈನ್ ಆರಾಧನೆಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಕೂರುತ್ತಿದ್ದ ಊರುಗಳಲ್ಲಿ ಅದು ನಡೆಯಲಿಲ್ಲ. ನಾವು ಭಾನುವಾರದ ಪಾಠ, ಪ್ರಾರ್ಥನೆಯನ್ನು ಒಂದು ಹಾಳೆಯಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದೆವು. ಬೆಳಿಗ್ಗೆ ಹತ್ತಕ್ಕೆ ಗಂಟೆ ಹೊಡೆಯುತ್ತಿದ್ದೆವು. ಗಂಟೆ ಕೇಳಿದವರು ಅವರವರ ಮನೆಯಲ್ಲಿ ಅದೇ ಹಾಳೆ ಓದುತ್ತಿದ್ದರು.

ಸಾವಿನ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ನಿಮ್ಮ ಹಿರಿಯರ ಮಣ್ಣಿಗೆ ಎಷ್ಟು ಜನ ಇದ್ದರು ಅಂತ ನೀವು ಬರೆದಿಲ್ಲ. ಆ ಕಾಲದಲ್ಲಿ ಎಷ್ಟೋ ಕಡೆ ಹೆದರಿಕೆಯಿಂದ ಪ್ರಾರ್ಥನೆಯೂ ಇಲ್ಲದೆ ಮಣ್ಣು ಮುಚ್ಚಿದರು. ಅಷ್ಟು ಮಾಡಬೇಕಾಗಿರಲಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಕೊಟ್ಟ ಸೂಚನೆಯಲ್ಲಿ, ದೇಹ ಮುಟ್ಟದೆ ಮಾಡುವ ವಿಧಿಗಳನ್ನು, ಧರ್ಮಗ್ರಂಥ ಓದುವುದನ್ನು, ತೀರ್ಥ ಚಿಮುಕಿಸುವುದನ್ನು ಮಾಡಬಹುದು ಅಂತ ಇತ್ತು. ಮನೆಯವರಿಗೆ ಮುಖ ತೋರಿಸಲೂ ಅವಕಾಶ ಇತ್ತು. ನಮ್ಮಲ್ಲಿ ಅದನ್ನು ಓದಿದವರೇ ಕಡಿಮೆ. ನಿಮ್ಮ ಯೋಜನೆಯಲ್ಲಿ ಮಣ್ಣು ಮಾಡಲು ಸಿದ್ಧರಿರುವ ನಾಲ್ಕು ಜನರ ಹೆಸರು ಇರಲಿ. ಆ ದಿನದ ಸರ್ಕಾರಿ ಸೂಚನೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಒಬ್ಬರು ಇರಲಿ. ಏಳು ದಿನದ ನಂತರ, 40 ದಿನದ ನಂತರ ಆ ಮನೆಗೆ ಯಾರು ಹೋಗುತ್ತಾರೆ ಅನ್ನುವುದೂ ಬರೆದಿರಲಿ. ಜ್ವರದ ಭಯ ಹೋದ ಮೇಲೂ ನಾವು ಎಷ್ಟೋ ಮನೆಗಳಿಗೆ ಹೋಗಲಿಲ್ಲ. ಮುಖ ತೋರಿಸಲು ಸಂಕೋಚವಾಯಿತು.

ಅದಕ್ಕೇ ಕೇಳುತ್ತಿದ್ದೇನೆ, ನೀವು ಆ ಹಿರಿಯರ ಮನೆಗೆ ಆಮೇಲಾದರೂ ಹೋಗಿದ್ದೀರಾ? ಇಲ್ಲವಾದರೆ ಸಮಿತಿಗೆ ಏನೂ ಬರೆಯುವ ಮೊದಲು ಹೋಗಿಬನ್ನಿ. ಅವರ ಮನೆಯವರಿಗೆ ವಿವರಣೆ ಕೊಡಲು ಹೋಗಬೇಡಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು ಅನ್ನುವುದು ಅವರಿಗೂ ಗೊತ್ತು. ಆ ಹತ್ತು ದಿನ ಹೇಗಿತ್ತು ಅಂತ ಕೇಳಿ. ಯಾರು ಬಂದರು, ಯಾರ ಫೋನ್ ಬಂತು, ಯಾವುದು ಇಲ್ಲದೆ ಕಷ್ಟವಾಯಿತು, ರಾತ್ರಿ ಯಾರಿಗೆ ಕರೆ ಮಾಡಬೇಕು ಅಂತ ಗೊತ್ತಾಗದೆ ಕೂತದ್ದು ಎಷ್ಟು ಹೊತ್ತು, ಎಲ್ಲವನ್ನೂ ಅವರು ಹೇಳಲಿ. ಕಾಫಿ ಕೊಟ್ಟರೆ ಕುಡಿಯಿರಿ. ಮನೆಗೆ ಬಂದ ಮೇಲೆ ಪೆನ್ನು ತಗೊಂಡು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಮೊದಲ ಪುಟಕ್ಕೆ ಬರೆಯಿರಿ.